ಹೊಲ, ಕಾಡು, ಕರೆಂಟು: ಬಯೋಮಾಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೌದೆ, ಸಗಣಿ, ಕಬ್ಬಿನ ಸಿಪ್ಪೆ, ತೊಗರಿ ಕಟ್ಟಿಗೆ, ತೆಂಗಿನ ಗರಿ, ಹೊಂಗೆ ಬೀಜ ಎಲ್ಲವನ್ನೂ ಸೇರಿಸಿ ಈಗ ಬಯೋಮಾಸ್ ಎನ್ನುತ್ತೇವೆ. ಕಲ್ಲಿದ್ದಲು ಬಿಡಬೇಕು ಎಂಬ ಮಾತು ಬಂದಾಗಲೆಲ್ಲ ರೈತರು, ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಕರ್ನಾಟಕದಲ್ಲಿ ಈ ವಿಷಯದ ಮೇಲೆ ಐವತ್ತು ವರ್ಷಗಳ ಕೆಲಸ ನಡೆದಿದೆ, ಅದರಲ್ಲಿ ಬಹಳಷ್ಟು ತುಮಕೂರು ಜಿಲ್ಲೆಯಲ್ಲಿ. ಹಾಗಾಗಿ ಉತ್ತರಗಳನ್ನೂ ಇಲ್ಲಿಯ ಅನುಭವದಿಂದಲೇ ಕೊಟ್ಟಿದ್ದೇನೆ.

ಸುತ್ತಿ ಬಳಸದೆ ಹೇಳಿ. ನಮ್ಮ ಹೊಲ, ಕಾಡು ಸೇರಿ ರಾಜ್ಯಕ್ಕೆ ಬೇಕಾದಷ್ಟು ಇಂಧನ ಕೊಡುತ್ತವೆಯೇ?

ಇಲ್ಲ. ಕರೆಂಟಿಗೂ ಸಾಲದು, ವಾಹನಕ್ಕೂ ಸಾಲದು. ಆದರೆ ಹಳ್ಳಿಯ ಅಡುಗೆಮನೆಯ ದೊಡ್ಡ ಪಾಲು, ಸಕ್ಕರೆ ಕಾರ್ಖಾನೆ, ಆಲೆಮನೆ, ಅಡಿಕೆ ಬೇಯಿಸುವ ಒಲೆಯಂಥ ಬಿಸಿ ಬೇಕಾದ ಕೆಲಸಗಳು ಇದರಿಂದ ಚೆನ್ನಾಗಿ ನಡೆಯುತ್ತವೆ. ಬಯೋಮಾಸನ್ನು ಕರೆಂಟು ಮಾಡಲು ಹೊರಟಾಗ ನಷ್ಟ ಜಾಸ್ತಿ, ಬಿಸಿಗೆ ಬಳಸಿದಾಗ ಲಾಭ ಜಾಸ್ತಿ. ಮುಂದಿನ ಉತ್ತರಗಳೆಲ್ಲ ಈ ಮಾತಿನ ವಿವರವೇ.

ಸಾಲದು ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ಲೆಕ್ಕ ತೋರಿಸಿ.

ಕರ್ನಾಟಕಕ್ಕೆ ಬೇಕಾದ ವಿದ್ಯುತ್ತು 2023–24ರಲ್ಲಿ 9,000 ಕೋಟಿ ಯೂನಿಟ್ ದಾಟಿತು. ಮಳೆಯಾಶ್ರಿತ ಭೂಮಿಯಲ್ಲಿ ಬೇಗ ಬೆಳೆಯುವ ಮರ ಹಾಕಿದರೆ ಒಂದು ಹೆಕ್ಟೇರಿಗೆ ವರ್ಷಕ್ಕೆ ಒಣ ಲೆಕ್ಕದಲ್ಲಿ 5 ಟನ್ ಸೌದೆ ಸಿಕ್ಕರೆ ಅದು ಒಳ್ಳೆಯ ಇಳುವರಿ. ಒಂದು ಯೂನಿಟ್ ಕರೆಂಟಿಗೆ, ಯಂತ್ರ ಎಂಥದು ಎನ್ನುವುದರ ಮೇಲೆ, ಒಂದರಿಂದ ಒಂದೂಕಾಲು ಕೆ.ಜಿ. ಒಣ ಸೌದೆ ಬೇಕು. ಅಂದರೆ ಒಂದು ಹೆಕ್ಟೇರಿನಿಂದ ವರ್ಷಕ್ಕೆ 4ರಿಂದ 5 ಸಾವಿರ ಯೂನಿಟ್. ಈ ಲೆಕ್ಕದಲ್ಲಿ 9,000 ಕೋಟಿ ಯೂನಿಟ್‌ಗೆ ಸುಮಾರು 2 ಕೋಟಿ ಹೆಕ್ಟೇರ್ ಭೂಮಿ ಬೇಕು. ಇಡೀ ಕರ್ನಾಟಕದ ವಿಸ್ತೀರ್ಣವೇ 1.92 ಕೋಟಿ ಹೆಕ್ಟೇರ್. ರಾಗಿ, ಜೋಳ, ಭತ್ತ, ಊರು, ಕೆರೆ, ರಸ್ತೆ ಎಲ್ಲವನ್ನೂ ತೆಗೆದು ಬೀದರಿನಿಂದ ಚಾಮರಾಜನಗರದವರೆಗೆ ಸೌದೆ ಮರವನ್ನೇ ನೆಟ್ಟರೂ ಕರೆಂಟಿಗೇ ಸಾಲದು. ಡೀಸೆಲ್, ಪೆಟ್ರೋಲ್, ಸಿಲಿಂಡರ್‌ಗಳನ್ನು ಇನ್ನೂ ಲೆಕ್ಕಕ್ಕೇ ತಂದಿಲ್ಲ.

ಅದೇ ಒಂದು ಹೆಕ್ಟೇರಿನಲ್ಲಿ ಸೌರ ಫಲಕ ಹಾಕಿದರೆ ವರ್ಷಕ್ಕೆ ಏಳು ಲಕ್ಷ ಯೂನಿಟ್ ಮೀರುತ್ತದೆ. ಮರಕ್ಕಿಂತ ನೂರೈವತ್ತು ಪಟ್ಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಆ ನೆಲದಲ್ಲೇ ಸೌದೆ ಬೆಳೆದಿದ್ದರೆ ಮೂರು ಮೆಗಾವಾಟ್‌ನ ಪುಟ್ಟ ಸ್ಥಾವರವೊಂದನ್ನು ವರ್ಷಪೂರ್ತಿ ನಡೆಸುವುದೂ ಕಷ್ಟವಾಗುತ್ತಿತ್ತು. ಬಿಸಿಲು ಹಗಲಿಗಷ್ಟೇ ಸಿಗುತ್ತದೆ, ರಾತ್ರಿಗೆ ಬೇರೆ ವ್ಯವಸ್ಥೆ ಬೇಕು ಎನ್ನುವುದು ನಿಜ. ಆದರೂ ನೂರೈವತ್ತು ಪಟ್ಟಿನ ಅಂತರವನ್ನು ಆ ಒಂದು ಕಾರಣದಿಂದ ತುಂಬಲಾಗದು.

ಮರ ಇಷ್ಟು ಕಡಿಮೆ ಕೊಡುವುದೇಕೆ?

ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ನಮ್ಮ ಹೊಲಗದ್ದೆಗಳಲ್ಲಿ ಶೇ 1ರಷ್ಟೂ ಸೌದೆಯಾಗಿ ಉಳಿಯುವುದಿಲ್ಲ. ಮರ ಇರುವುದು ಬದುಕಲಿಕ್ಕೆ. ಬೇರು, ಹೂವು, ಉಸಿರಾಟ, ರೋಗದ ವಿರುದ್ಧ ಹೋರಾಟ, ಬೇಸಿಗೆಯಲ್ಲಿ ನೀರಿಲ್ಲದೆ ಸುಮ್ಮನಿರುವುದು, ಎಲ್ಲಕ್ಕೂ ಶಕ್ತಿ ಖರ್ಚಾಗುತ್ತದೆ. ಉಳಿದ ಸೌದೆಯನ್ನು ನಾವು ಸುಟ್ಟು ಕರೆಂಟು ಮಾಡುವಾಗ ಮತ್ತೆ ಮುಕ್ಕಾಲು ಪಾಲು ಬಿಸಿಯಾಗಿ ಹಾಳು. ಫಲಕಕ್ಕೆ ಈ ಯಾವ ಹೊರೆಯೂ ಇಲ್ಲ. ಅದು ಬಿದ್ದ ಬಿಸಿಲಿನ ಐದನೇ ಒಂದು ಭಾಗವನ್ನು ನೇರವಾಗಿ ಕರೆಂಟು ಮಾಡುತ್ತದೆ.

ಫಿನ್ಲೆಂಡ್, ಸ್ವೀಡನ್‌ನವರು ಮರದಿಂದಲೇ ಮನೆ ಬೆಚ್ಚಗಿಡುತ್ತಾರಂತೆ. ನಮಗೇಕೆ ಆಗದು?

ಫಿನ್ಲೆಂಡಿನಲ್ಲಿ 55 ಲಕ್ಷ ಜನಕ್ಕೆ ಸುಮಾರು 2.2 ಕೋಟಿ ಹೆಕ್ಟೇರ್ ಕಾಡಿದೆ, ತಲೆಗೆ ನಾಲ್ಕು ಹೆಕ್ಟೇರ್. ನಮ್ಮಲ್ಲಿ 2011ರ ಜನಗಣತಿಯ 6.1 ಕೋಟಿ ಜನಕ್ಕೆ ಕಾಡು ಸುಮಾರು 39 ಲಕ್ಷ ಹೆಕ್ಟೇರ್. ತಲೆಗೆ ಆರೇಳು ಗುಂಟೆ. ಅವರು ಸುಡುವುದರಲ್ಲಿಯೂ ದೊಡ್ಡ ಪಾಲು ಕಾಗದದ ಮತ್ತು ಮರಕೊಯ್ಯುವ ಕಾರ್ಖಾನೆಗಳ ಉಳಿಕೆ. ಆ ಕಾರ್ಖಾನೆಗಳು ಮೊದಲೇ ಇದ್ದವು, ಉಳಿಕೆ ಅಲ್ಲೇ ರಾಶಿ ಬೀಳುತ್ತಿತ್ತು. ನಮ್ಮಲ್ಲಿ ಅದಕ್ಕೆ ಸರಿಸಾಟಿ ಎಂದರೆ ಸಕ್ಕರೆ ಕಾರ್ಖಾನೆ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಕಾಡನ್ನು ಕಡಿಯದೆ, ವರ್ಷಕ್ಕೆ ಎಷ್ಟು ಬೆಳೆಯುತ್ತದೋ ಅಷ್ಟನ್ನೇ ತೆಗೆದರೆ?

ರಾಜ್ಯದ ಕಾಡೆಲ್ಲ ಸೇರಿ ಹೆಕ್ಟೇರಿಗೆ ವರ್ಷಕ್ಕೆ 2 ಟನ್ ಬೆಳೆಯುತ್ತದೆ ಎಂದು ಧಾರಾಳವಾಗಿಯೇ ಅಂದುಕೊಳ್ಳೋಣ. ಒಟ್ಟು 78 ಲಕ್ಷ ಟನ್. ಅಷ್ಟನ್ನೂ ಸುಟ್ಟರೆ ಬರುವುದು ಸುಮಾರು 700 ಕೋಟಿ ಯೂನಿಟ್, ರಾಜ್ಯದ ಬೇಡಿಕೆಯ ಶೇ 8ಕ್ಕೂ ಕಡಿಮೆ. ಅದಕ್ಕಾಗಿ ಬಂಡೀಪುರ, ನಾಗರಹೊಳೆ, ಕುದುರೆಮುಖ, ಅಣಶಿ ಎನ್ನದೆ ಎಲ್ಲ ಕಡೆ ರಸ್ತೆ ಮಾಡಿ, ಲಾರಿ ನುಗ್ಗಿಸಿ, ಬೆಳೆದಷ್ಟನ್ನೂ ಹೊರತರಬೇಕು. ಕಾವೇರಿ, ತುಂಗೆ, ಭದ್ರೆ, ಕಾಳಿ, ಶರಾವತಿ ಹುಟ್ಟುವುದು ಆ ಕಾಡುಗಳಲ್ಲೇ. ಆ ನದಿಗಳ ಜಲವಿದ್ಯುತ್ತನ್ನೇ ನಾವು ಉಣ್ಣುತ್ತಿದ್ದೇವೆ. ಮಲೆನಾಡಿನ ತೋಟಿಗರನ್ನು ಕೇಳಿದರೆ ಇನ್ನೊಂದು ಲೆಕ್ಕ ಹೇಳುತ್ತಾರೆ: ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಗು ಇಲ್ಲದಿದ್ದರೆ ಅಡಿಕೆ ತೋಟಕ್ಕೆ ಗೊಬ್ಬರ ಇಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಲ್ಕಣಿಯವರು ಮರ ಕಡಿಯುವುದನ್ನು ತಡೆಯಲು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡದ್ದು ಇದೇ ಅನುಭವದಿಂದ. ಕಾಡಿನಿಂದ ಕರೆಂಟು ಎನ್ನುವುದನ್ನು ನಾನು ಪೂರ್ತಿ ವಿರೋಧಿಸುತ್ತೇನೆ.

ಕಾಡು ಬಿಡಿ. ಹೊಲದಲ್ಲಿ ಸುಮ್ಮನೆ ಸುಡುವ ಬೆಳೆ ಉಳಿಕೆ ಎಷ್ಟಿದೆಯಲ್ಲ?

ಇದೆ. ದೇಶದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಬೆಳೆ ಉಳಿಕೆ ಬರುತ್ತದೆ, ಅದರಲ್ಲಿ ಸುಮಾರು 23 ಕೋಟಿ ಟನ್ ಹೆಚ್ಚುವರಿ, 28,000 ಮೆಗಾವಾಟ್‌ಗೆ ಸಾಕು ಎಂಬುದು ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜು. ದೊಡ್ಡ ಸಂಖ್ಯೆಯೇ. ಆದರೆ ದೇಶ ವರ್ಷಕ್ಕೆ 100 ಕೋಟಿ ಟನ್ ಮೀರಿ ಕಲ್ಲಿದ್ದಲು ಸುಡುತ್ತದೆ. ಕೆ.ಜಿ.ಗೆ ಕೆ.ಜಿ. ಹೋಲಿಸಿದರೆ ಒಣ ಉಳಿಕೆಯೂ ನಮ್ಮ ದೇಶದ ಕಲ್ಲಿದ್ದಲೂ ಹೆಚ್ಚುಕಡಿಮೆ ಒಂದೇ ಬಿಸಿ ಕೊಡುತ್ತವೆ. ಹೆಚ್ಚುವರಿಯೆಲ್ಲವನ್ನೂ, ಒಂದು ಕಟ್ಟೂ ಬಿಡದೆ, ಸ್ಥಾವರಕ್ಕೆ ಸಾಗಿಸಿದರೂ ಕಲ್ಲಿದ್ದಲಿನ ಐದನೇ ಒಂದು ಭಾಗದ ಆಸುಪಾಸು.

ಇನ್ನು ಈ ಹೆಚ್ಚುವರಿ ಎನ್ನುವುದನ್ನು ಊರಿನಲ್ಲಿ ನಿಂತು ನೋಡಬೇಕು. ರಾಗಿ ಹುಲ್ಲು, ಜೋಳದ ಕಣಿಕೆ, ಭತ್ತದ ಹುಲ್ಲು ದನದ ಮೇವು. ಬರ ಬಂದ ವರ್ಷ ಹುಲ್ಲಿನ ಬಣವೆ ಇದ್ದವನೇ ಶ್ರೀಮಂತ. ಕಲಬುರಗಿ ಕಡೆ ತೊಗರಿ ಕಟ್ಟಿಗೆ ಎಂದರೆ ವರ್ಷದ ಒಲೆಯ ಸೌದೆ. ಹೊಲದ ಬದುವಿನಲ್ಲಿ, ಮನೆಯ ಗೋಡೆಗೆ ಒರಗಿಸಿ ಆಳೆತ್ತರಕ್ಕೆ ಒಟ್ಟಿರುತ್ತಾರೆ. ತೆಂಗಿನ ಗರಿ ಚಪ್ಪರಕ್ಕೆ, ಮಟ್ಟೆ ಬಚ್ಚಲ ಒಲೆಗೆ. ಕಡಲೆಕಾಯಿ ಸಿಪ್ಪೆ ಇಟ್ಟಿಗೆ ಗೂಡಿಗೆ ಹೋಗುತ್ತದೆ. ನಿಜವಾಗಿಯೂ ಯಾರಿಗೂ ಬೇಡವಾಗಿ ಬೆಂಕಿಗೆ ಬೀಳುವುದು ಕೆಲವೇ: ಕಬ್ಬು ಕಡಿದ ಮೇಲೆ ಉಳಿಯುವ ರವದಿ, ಹತ್ತಿ ಕಟ್ಟಿಗೆ, ಗಂಗಾವತಿ, ಸಿಂಧನೂರು ಕಡೆ ಯಂತ್ರದಲ್ಲಿ ಕೊಯ್ದ ಗದ್ದೆಯ ಭತ್ತದ ಹುಲ್ಲು, ಗಿರಣಿಗಳಲ್ಲಿ ಮೆಕ್ಕೆಜೋಳದ ಬೆಂಡು. ಇಂಧನಕ್ಕೆ ಕೈಹಾಕುವುದಿದ್ದರೆ ಮೊದಲು ಇವುಗಳಿಗೆ.

ಮಣ್ಣಿನ ಪಾಲೂ ಇದೆ. ಬಯಲುಸೀಮೆಯ ಬಹಳಷ್ಟು ಹೊಲಗಳಲ್ಲಿ ಸಾವಯವ ಇಂಗಾಲ ಅರ್ಧ ಶೇಕಡಕ್ಕಿಂತ ಕೆಳಗಿದೆ. ಬಿದ್ದ ಎಲೆ, ಕೂಳೆ, ದಂಟು ಎಲ್ಲವನ್ನೂ ವರ್ಷ ವರ್ಷ ಬಳಿದುಕೊಂಡು ಹೋದರೆ ಮಣ್ಣಿಗೆ ಮಳೆನೀರು ಹಿಡಿಯುವ ಶಕ್ತಿ ಹೋಗುತ್ತದೆ. ಸುಟ್ಟ ಮೇಲೆ ಬೂದಿಯಲ್ಲಿ ಪೊಟ್ಯಾಷ್ ವಾಪಸ್ ಬರಬಹುದು, ಸಾರಜನಕ ಬರುವುದಿಲ್ಲ. ಅದನ್ನು ಮತ್ತೆ ಯೂರಿಯಾ ಚೀಲದಲ್ಲಿ ಕೊಳ್ಳಬೇಕು. ಹೊಲದ ಉಳಿಕೆಯಲ್ಲಿ ಮೊದಲ ಹಕ್ಕು ಮಣ್ಣಿನದು, ಎರಡನೆಯದು ದನದ್ದು, ಒಲೆಯದು ಮೂರನೆಯದು. ಕರೆಂಟಿನ ಸರದಿ ಆಮೇಲೆ.

ಕಲ್ಲಿದ್ದಲ ಸ್ಥಾವರದಲ್ಲೇ ಶೇ 5ರಷ್ಟು ಬೆಳೆ ಉಳಿಕೆ ಬೆರೆಸಬೇಕು ಎಂಬ ನಿಯಮ ಬಂದಿದೆಯಲ್ಲ?

ಬಂದಿದೆ. ಬೆಂಕಿ ಹಚ್ಚುವುದಕ್ಕಿಂತ ಅದು ವಾಸಿ. ಆದರೆ ಎಷ್ಟು ಬೇಕು ನೋಡಿ. ರಾಯಚೂರು ಶಾಖೋತ್ಪನ್ನ ಸ್ಥಾವರ 1,720 ಮೆಗಾವಾಟ್‌ನದು. ಪೂರ್ತಿ ಓಡಿದ ದಿನ 25 ಸಾವಿರ ಟನ್ ಮೀರಿ ಕಲ್ಲಿದ್ದಲು ಬೇಕು. ಅದರ ಶೇ 5 ಎಂದರೆ ದಿನಕ್ಕೆ 1,300 ಟನ್ ಆಸುಪಾಸು. ಎಕರೆಗೆ ಒಂದು ಟನ್ ತೊಗರಿ ಕಟ್ಟಿಗೆ ಎಂದಿಟ್ಟುಕೊಂಡರೆ ಪ್ರತಿ ದಿನ ಸಾವಿರದ ಮುನ್ನೂರು ಎಕರೆಯನ್ನು ಬೋಳಿಸಬೇಕು. ಕೊಯ್ಲು ವರ್ಷಕ್ಕೊಮ್ಮೆ, ಸ್ಥಾವರ ದಿನಾ ಉರಿಯುತ್ತದೆ. ಉಳಿದ ಹನ್ನೊಂದು ತಿಂಗಳು ಇದನ್ನು ಮಳೆಗೆ ನೆನೆಯದಂತೆ, ಗೆದ್ದಲು ಹಿಡಿಯದಂತೆ, ಬೆಂಕಿ ಬೀಳದಂತೆ ಕಾಯಬೇಕು. ಹಗುರ ಸಾಮಾನು ಬೇರೆ: ಲಾರಿ ತುಂಬಿ ತುಳುಕಿದರೂ ತೂಕ ಬರುವುದಿಲ್ಲ. ಅದಕ್ಕೇ ಪುಡಿ ಮಾಡಿ, ಒತ್ತಿ, ಉಂಡೆಯಂಥ ಪೆಲೆಟ್ ಮಾಡುವುದು. ಅದಕ್ಕೂ ಕರೆಂಟು ಬೇಕು, ದುಡ್ಡು ಬೇಕು. ಐವತ್ತು ಕಿಲೋಮೀಟರ್ ಆಚೆಯಿಂದ ಬಿಡಿ ಉಳಿಕೆ ತರುವ ಯಾವ ಯೋಜನೆಯನ್ನೂ ನಾನು ನಂಬುವುದಿಲ್ಲ.

ಬೆಲೆಯ ವಿಷಯ ಇನ್ನೂ ಸೂಕ್ಷ್ಮ. ಮಂಡ್ಯ ಜಿಲ್ಲೆಯ ಮಳವಳ್ಳಿ ಬಳಿ 2001ರಲ್ಲಿ ಶುರುವಾದ 4.5 ಮೆಗಾವಾಟ್ ಸ್ಥಾವರಕ್ಕೆ ಕಬ್ಬಿನ ತರಗು, ತೆಂಗಿನ ಗರಿಗಳೇ ಮುಖ್ಯ ಇಂಧನವಾಗಿದ್ದವು. ಒಳ್ಳೆಯ ಯೋಚನೆ, ಸುತ್ತಲ ರೈತರಿಗೆ ನಾಲ್ಕು ಕಾಸೂ ಸಿಕ್ಕಿತು. ಆದರೆ ಇಂಥ ಸ್ಥಾವರ ಎಲ್ಲೇ ಬಂದರೂ, ನಿನ್ನೆವರೆಗೆ ಬಿಟ್ಟಿಯಾಗಿದ್ದ ವಸ್ತುವಿಗೆ ಇವತ್ತು ಬೆಲೆ ಬರುತ್ತದೆ. ರೈತನಿಗೆ ಅದು ಸರಿ. ಬದುವಿನಲ್ಲಿ ಗರಿ ಆಯ್ದು ಒಲೆ ಹಚ್ಚುತ್ತಿದ್ದ ಭೂಮಿಯಿಲ್ಲದ ಮನೆಗೆ ಅದೇ ತೊಂದರೆ. ಈ ಎರಡನೆಯವರ ಬಗ್ಗೆ ಯೋಜನಾ ವರದಿಗಳಲ್ಲಿ ಒಂದು ಸಾಲೂ ಇರುವುದಿಲ್ಲ ಎನ್ನುವುದು ನನಗೆ ಬಹಳ ಬೇಸರದ ಸಂಗತಿ.

ಹಾಗಾದರೆ ಸಕ್ಕರೆ ಕಾರ್ಖಾನೆಗಳು ಕರೆಂಟು ಮಾರುವುದು ಹೇಗೆ?

ಅಲ್ಲಿ ಸಾಗಣೆಯ ಕಷ್ಟವೇ ಇಲ್ಲ. ಕಬ್ಬು ಸಕ್ಕರೆಗಾಗಿ ಹೇಗೂ ಕಾರ್ಖಾನೆಗೆ ಬರುತ್ತದೆ. ನುರಿಸಿದ ಪ್ರತಿ ಟನ್ ಕಬ್ಬಿಗೆ ಸುಮಾರು 300 ಕೆ.ಜಿ. ಸಿಪ್ಪೆ ಅಲ್ಲೇ ಬೀಳುತ್ತದೆ. ಅರ್ಧ ತೇವ ಇದ್ದರೂ ಬಾಯ್ಲರಿನಲ್ಲಿ ಉರಿಯುತ್ತದೆ. ಹೆಚ್ಚು ಒತ್ತಡದ ಹಬೆ ಮಾಡಿ ಟರ್ಬೈನ್ ತಿರುಗಿಸುತ್ತಾರೆ, ಅಲ್ಲಿಂದ ಹೊರಬಂದ ಬಿಸಿ ಹಬೆಯಲ್ಲೇ ಕಬ್ಬಿನ ರಸ ಕುದಿಸುತ್ತಾರೆ. ಒಂದೇ ಬೆಂಕಿಯಿಂದ ಎರಡು ಕೆಲಸ, ಇದಕ್ಕೇ ಸಹವಿದ್ಯುತ್ ಎನ್ನುವುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಸೇರಿ ರಾಜ್ಯದಲ್ಲಿ ಬಯೋಮಾಸ್ ಮತ್ತು ಸಹವಿದ್ಯುತ್ ಸಾಮರ್ಥ್ಯ ಸುಮಾರು 1,900 ಮೆಗಾವಾಟ್, ಬಹುಪಾಲು ಸಕ್ಕರೆ ಕಾರ್ಖಾನೆಗಳದ್ದೇ.

ಕಬ್ಬು ನುರಿಯುವುದು ನವೆಂಬರಿನಿಂದ ಮಾರ್ಚ್ ಸುಮಾರಿಗೆ. ಆ ಹೊತ್ತಿಗೆ ಜಲಾಶಯಗಳು ಇಳಿಯುತ್ತಿರುತ್ತವೆ, ಪಂಪ್‌ಸೆಟ್ ಬೇಡಿಕೆ ಏರುತ್ತಿರುತ್ತದೆ. ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿದ್ದೂ 2024ರ ಮಾರ್ಚ್‌ನಲ್ಲೇ. ಹಾಗಾಗಿ ಈ ಕರೆಂಟಿಗೆ ನಿಜವಾದ ಬೆಲೆ ಇದೆ. ಆದರೆ ಕರೆಂಟಿಗಾಗಿ ಕಬ್ಬು ಹೆಚ್ಚಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬರದ ವರ್ಷದಲ್ಲಿ ಕೃಷ್ಣೆ, ಕಾವೇರಿ ಕಾಲುವೆಗಳ ಕೊನೆಯ ಹಳ್ಳಿಗಳಿಗೆ ನೀರೇ ತಲುಪುವುದಿಲ್ಲ.

ಹಳ್ಳಿಯೊಂದು ತನ್ನ ಸೌದೆಯಿಂದಲೇ ಕರೆಂಟು ಮಾಡಿಕೊಂಡ ಉದಾಹರಣೆ ಇದೆಯೇ?

ಇದೆ, ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಗ್ರಾಮೀಣ ಜೀವನಕ್ಕೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಉದ್ದೇಶ. ಆ ಬಳಗದವರು 1988ರಲ್ಲಿ ಹೊಸಹಳ್ಳಿಯಲ್ಲಿ ಸೌದೆಯನ್ನು ಉರಿಯುವ ಅನಿಲ ಮಾಡುವ ಗ್ಯಾಸಿಫೈಯರ್ ಕೂರಿಸಿದರು. ಪಕ್ಕದಲ್ಲೇ ಸೌದೆಗೆಂದು ಮರ ಬೆಳೆಸಿದರು. ಮನೆಗಳಿಗೆ ದೀಪ ಬಂತು, ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ, ಮುಂದೆ ನೀರಾವರಿ ಪಂಪು ನಡೆದವು. ಸಾಮರ್ಥ್ಯ ಮೊದಲು ನಾಲ್ಕು ಕಿಲೋವಾಟ್‌ಗಿಂತ ಕಡಿಮೆ, ಆಮೇಲೆ 20 ಕಿಲೋವಾಟ್.

ಯಂತ್ರ ನೋಡಲು ಸರಳ. ಎತ್ತರದ ಕೊಳವೆಯಂಥ ಉಕ್ಕಿನ ಪಾತ್ರೆ, ಮೇಲೆ ಬಾಯಿ ತೆರೆದಿರುತ್ತದೆ. ಸೌದೆಯನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ ಮೇಲಿನಿಂದ ಸುರಿಯಬೇಕು. ಗಾಳಿ ಅಳೆದು ಬಿಡುವುದರಿಂದ ಸೌದೆ ಪೂರ್ತಿ ಉರಿಯದೆ ಅನಿಲವಾಗುತ್ತದೆ. ಅದರಲ್ಲಿ ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್, ಹೆಚ್ಚುಕಮ್ಮಿ ಅಷ್ಟೇ ಹೈಡ್ರೋಜನ್, ಅರ್ಧದಷ್ಟು ಉರಿಯದ ಸಾರಜನಕ. ಆ ಅನಿಲವನ್ನು ನೀರಿನಲ್ಲಿ ತಣಿಸಿ, ಮರಳಿನಲ್ಲಿ ಸೋಸಿ ಎಂಜಿನ್ನಿಗೆ ಕೊಡುತ್ತಾರೆ. ಕಷ್ಟ ಇರುವುದು ದಿನನಿತ್ಯದ ಕೆಲಸದಲ್ಲಿ. ಸೌದೆಯ ತೇವ ಶೇ 15ಕ್ಕಿಂತ ಹೆಚ್ಚಾದರೆ ಡಾಂಬರಿನಂಥ ಅಂಟು ಹೆಚ್ಚುತ್ತದೆ. ಅದು ಎಂಜಿನ್ನಿನ ವಾಲ್ವಿಗೆ ಮೆತ್ತಿಕೊಂಡರೆ ಕೆಲಸ ನಿಂತಿತು. ಮಳೆಗಾಲದಲ್ಲಿ ಒಣ ಸೌದೆ ಎಲ್ಲಿಂದ? ತುಂಡು ಮಾಡುವವರು ಯಾರು? ಮರಳು ತೊಳೆಯುವವರು ಯಾರು? ಅನಿಲ ಸೋರಿದರೆ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ, ಅದನ್ನು ಬಲ್ಲ ಆಪರೇಟರ್ ಬೇಕೇ ಬೇಕು.

ಹೊಸಹಳ್ಳಿಯಲ್ಲಿ ಇದೆಲ್ಲವನ್ನೂ ನಿಭಾಯಿಸಿ ವರ್ಷಗಟ್ಟಲೆ ನಡೆಸಿದರು. ಅದು ದೊಡ್ಡ ಸಾಧನೆ ಎಂದೇ ನನ್ನ ಅಭಿಪ್ರಾಯ. ಆ ಅನುಭವದ ಮೇಲೆಯೇ ಮುಂದೆ ತುಮಕೂರು ಜಿಲ್ಲೆಯಲ್ಲಿ ದೊಡ್ಡ ಯೋಜನೆ ಬಂತು, ಕಬ್ಬಿಗೆರೆಯಲ್ಲಿ 500 ಕಿಲೋವಾಟ್‌ನ ಗ್ಯಾಸಿಫೈಯರ್‌ಗಳನ್ನು ಗ್ರಿಡ್‌ಗೇ ಜೋಡಿಸಿದರು. ಯಂತ್ರ ಕೆಲಸ ಮಾಡಿತು. ಆದರೆ ಗ್ರಿಡ್ ಕರೆಂಟಿನ ದರದ ಮುಂದೆ ಸೌದೆಯ ಬೆಲೆ, ಕೂಲಿ, ರಿಪೇರಿ ಸೇರಿದ ಖರ್ಚು ಗಿಟ್ಟುವುದು ಕಷ್ಟವಾಯಿತು. ಊರಿಗೆ ತಂತಿ ಬಂದು, ಸ್ವಿಚ್ ಒತ್ತಿದರೆ ದೀಪ ಹತ್ತುವಾಗ ದಿನಾ ಸೌದೆ ಸೀಳುವ ಕೆಲಸಕ್ಕೆ ಯಾರೂ ಉಳಿಯುವುದಿಲ್ಲ. ಅದು ಜನರ ತಪ್ಪಲ್ಲ.

ಪುರ ಎಂಬ ಹಳ್ಳಿಯ ಹೆಸರೂ ಕೇಳಿದ್ದೇವೆ. ಅಲ್ಲಿ ಏನಾಯಿತು?

ಅದೂ ಕುಣಿಗಲ್ ತಾಲ್ಲೂಕಿನದೇ, ಕೆಲಸವೂ ಅದೇ ಬಳಗದ್ದು. ಮೊದಲ ಆಸೆ, ಊರ ಸಗಣಿಯೆಲ್ಲ ಒಂದೆಡೆ ಸೇರಿಸಿ ಎಲ್ಲ ಮನೆಗೂ ಅಡುಗೆ ಗ್ಯಾಸ್ ಕೊಡುವುದು. ಸಗಣಿ ಸಾಲದಾಯಿತು. ಆಗ ಕೆಲಸವನ್ನೇ ಬದಲಿಸಿದರು. ಇರುವ ಗ್ಯಾಸಿನಿಂದ 5 ಕಿಲೋವಾಟ್‌ನ ಜನರೇಟರ್ ನಡೆಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ತೂಕದ ಲೆಕ್ಕದಲ್ಲಿ ಹಣ, ಮೇಲೆ ಗ್ಯಾಸ್ ಬಂದ ನಂತರ ಉಳಿಯುವ ಬಗ್ಗಡದಲ್ಲಿ ಅವರ ಪಾಲು ಗೊಬ್ಬರಕ್ಕೆ ವಾಪಸ್. ಜನಕ್ಕೆ ತುರ್ತಾಗಿ ಬೇಕಿದ್ದದ್ದು ನೀರು. ಅದು ಸಿಕ್ಕಿದ್ದರಿಂದ ಊರು ವ್ಯವಸ್ಥೆಯನ್ನು ಕೈಬಿಡಲಿಲ್ಲ. ಇಂಧನ ಎಷ್ಟು ಟನ್ ಎನ್ನುವುದರಿಂದಲ್ಲ, ಮನೆಗೆ ಯಾವ ಕೆಲಸ ಆಗಬೇಕು ಎನ್ನುವುದರಿಂದ ಲೆಕ್ಕ ಶುರುಮಾಡಬೇಕು ಎಂಬುದು ರೆಡ್ಡಿಯವರ ನಿಲುವು. ಪುರ ಅದಕ್ಕೆ ಒಳ್ಳೆಯ ಸಾಕ್ಷಿ.

ರಾಜ್ಯದ ಸಗಣಿಯೆಲ್ಲ ಗ್ಯಾಸ್ ಮಾಡಿದರೆ ಎಷ್ಟು ಮನೆಗೆ ಸಾಕು?

ಇದು ನನಗೆ ಭರವಸೆ ಕೊಡುವ ಲೆಕ್ಕ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ದನ, ಎಮ್ಮೆ ಸೇರಿ ಸುಮಾರು 1.15 ಕೋಟಿ. ತಲೆಗೆ ದಿನಕ್ಕೆ 10 ಕೆ.ಜಿ. ಸಗಣಿ, ಅದರಲ್ಲಿ ಶೇ 60 ಕೊಟ್ಟಿಗೆಯಲ್ಲಿ ಸಿಗುತ್ತದೆ ಎಂದುಕೊಳ್ಳೋಣ. 25 ಕೆ.ಜಿ. ಸಗಣಿಗೆ ಒಂದು ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಎಂದರೆ ಸಿಲಿಂಡರಿನ ಗ್ಯಾಸ್ 430 ಗ್ರಾಂನಷ್ಟು. ತಿಂಗಳಿಗೊಂದು ಸಿಲಿಂಡರ್ ಉರಿಸುವ ಮನೆಗೆ ದಿನಕ್ಕೆ 27–28 ಕೆ.ಜಿ. ಸಗಣಿ ಸಾಕು. ಒಟ್ಟಾರೆ 25 ಲಕ್ಷ ಮನೆಗಳ ಅಡುಗೆ ನಡೆಯುತ್ತದೆ. 2011ರಲ್ಲಿ ಹಳ್ಳಿಗಳಲ್ಲಿದ್ದ ಮನೆಗಳು 79 ಲಕ್ಷದಷ್ಟು, ಅಂದರೆ ಮೂರರಲ್ಲಿ ಒಂದು ಹಳ್ಳಿ ಮನೆ. ಒಂದು ಗುಂಟೆ ನೆಲವೂ ಬೇಡ, ಒಂದು ಮರವೂ ಬೇಡ, ಗೊಬ್ಬರವೂ ಕಳೆಯುವುದಿಲ್ಲ. ಬೆರಣಿ ತಟ್ಟಿ ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಗೋಬರ್ ಗ್ಯಾಸಿನಲ್ಲಿ ಅದು ಬಗ್ಗಡದಲ್ಲೇ ಉಳಿದು ಹೊಲಕ್ಕೆ ಹೋಗುತ್ತದೆ. ದನವಿಲ್ಲದ ಮನೆಗಳಿಗೆ ಇದು ಒದಗದು. ಅವರಿಗೆ ಸಿಲಿಂಡರನ್ನು ಕೈಗೆಟಕುವ ಬೆಲೆಯಲ್ಲಿ ಕೊಡುವುದೇ ಸರಿಯಾದ ದಾರಿ.

ಈಗ ಎಲ್ಲರ ಮನೆಯಲ್ಲೂ ಸಿಲಿಂಡರ್ ಇದೆಯಲ್ಲ, ಒಲೆಯ ಮಾತು ಇನ್ನೂ ಏಕೆ?

ಸಿಲಿಂಡರ್ ಇರುವ ಎಷ್ಟೋ ಮನೆಗಳಲ್ಲೂ ಮುದ್ದೆ ಬೇಯುವುದು, ಸ್ನಾನದ ನೀರು ಕಾಯುವುದು, ದನಕ್ಕೆ ಹುರುಳಿ ಬೇಯುವುದು ಸೌದೆಯಲ್ಲೇ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಬಿಸಿಯಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲು. ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಆ ಒಲೆಗೆ ಇನ್ನೂರು ಕೆ.ಜಿ.ಗೂ ಹೆಚ್ಚು ಸೌದೆ ಬೇಕು. ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ಬಂದದ್ದು ಇದಕ್ಕೇ. ಮಣ್ಣಿನಲ್ಲೇ ಕಟ್ಟುವ ಮೂರು ಪಾತ್ರೆಯ ಒಲೆ, ಕೆಳಗೆ ಕಬ್ಬಿಣದ ಜಾಲರಿ, ಸೌದೆ ಬಾಯಿಗೆ ಮುಚ್ಚಳ, ಹೆಂಚಿನ ಮೇಲಕ್ಕೆ ಹೊಗೆ ಕೊಳವೆ. ಸರಿಯಾಗಿ ಕಟ್ಟಿದರೆ ಅದೇ ಅಡುಗೆ ಮೂರನೇ ಒಂದು ಪಾಲು ಸೌದೆಯಲ್ಲಿ ಮುಗಿಯುತ್ತಿತ್ತು, ಹೊಗೆ ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಕಾಡಿಗೆ ಆಗಾಗ ತೆಗೆಯಬೇಕು. ಇಷ್ಟು ಒಲೆ ಕಟ್ಟಬೇಕೆಂಬ ಗುರಿ ಮುಟ್ಟಿಸಲು ಅಳತೆ ತಪ್ಪಿ ಕಟ್ಟಿದ ಕಡೆ ಒಲೆ ಹೊಗೆಯಾಡಿತು, ಹೆಂಗಸರು ಬಿಟ್ಟರು. ಅವರ ತೀರ್ಮಾನ ಸರಿಯಾಗಿತ್ತು. ಹೊಸ ಸ್ಥಾವರ ಕಟ್ಟುವುದಕ್ಕಿಂತ ಒಳ್ಳೆಯ ಒಲೆ ಹಾಕಿಸುವುದು ಅಗ್ಗ. ಉಳಿಯುವ ಸೌದೆ ನಿಜವಾದದ್ದು, ಉಳಿಯುವ ಶ್ವಾಸಕೋಶವೂ.

ಬಂಜರು, ಗೋಮಾಳದಲ್ಲಿ ಸೌದೆ ಮರ ಬೆಳೆಸಬಾರದೇ?

ಸರ್ಕಾರಿ ಕಾಗದದಲ್ಲಿ ಬಂಜರು ಎಂದಿರುವುದು ಊರಿನವರಿಗೆ ಕುರಿ ಮೇಯುವ ಜಾಗ, ಪುಳ್ಳೆ ಆಯುವ ಜಾಗ, ಸೀತಾಫಲ ಸಿಗುವ ಜಾಗ. 1980ರ ದಶಕದಲ್ಲಿ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ ಸುತ್ತ ಸುಮಾರು 75,000 ಎಕರೆ ಇಂಥ ಭೂಮಿಯನ್ನು ಕಾಗದದ ತಿರುಳಿಗಾಗಿ ನೀಲಗಿರಿ ಬೆಳೆಯಲು ಜಂಟಿ ಕಂಪನಿಯೊಂದಕ್ಕೆ ಕೊಡಲು ಹೊರಟಾಗ ಜನ ಎದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ. ಕೊನೆಗೆ ಆ ಯೋಜನೆ ಮುಚ್ಚಿತು. ಅಲ್ಲಿ ಕೇಳಿದ್ದು ಕಾಗದಕ್ಕೆ, ನಾಳೆ ಕೇಳುವುದು ಕರೆಂಟಿಗೆ ಇರಬಹುದು. ಭೂಮಿ ಅದೇ, ಜನವೂ ಅವರೇ. ಕೋಲಾರ, ಬೆಂಗಳೂರು ಗ್ರಾಮಾಂತರಗಳಲ್ಲಿ ರಾಗಿ ಹೊಲಗಳು ನೀಲಗಿರಿ ತೋಪುಗಳಾದದ್ದನ್ನು ಕಂಡ ಮೇಲೆ ರಾಜ್ಯ ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹೊಲದ ಬದುವಿನಲ್ಲಿ ಹೊಂಗೆ, ಬೇವು, ಗ್ಲಿರಿಸಿಡಿಯಾ, ಹುಣಸೆ ಬೆಳೆಸಿ. ಸೊಪ್ಪು ಗೊಬ್ಬರಕ್ಕೆ, ಸವರಿದ ಕೊಂಬೆ ಒಲೆಗೆ.

ಹೊಂಗೆ ಎಣ್ಣೆ, ಎಥನಾಲ್?

ಹೊಂಗೆ ಒಳ್ಳೆಯ ಮರ. ಆದರೆ ನಾಲ್ಕು ಕೆ.ಜಿ. ಬೀಜಕ್ಕೆ ಒಂದು ಲೀಟರ್ ಎಣ್ಣೆ. ನೂರು ಮರ, ಮರಕ್ಕೆ 20 ಕೆ.ಜಿ. ಬೀಜ ಎಂದರೆ ವರ್ಷಕ್ಕೆ 500 ಲೀಟರ್. ಒಂದು ಟ್ರ್ಯಾಕ್ಟರಿಗೆ ಸರಿ, ರಾಜ್ಯದ ಲಾರಿಗಳಿಗಲ್ಲ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಸಸಿಯಿಂದ ಎಣ್ಣೆಯವರೆಗೆ ಎಲ್ಲವನ್ನೂ ನೋಡಿ ಕಲಿಯಬಹುದು. ಪೆಟ್ರೋಲಿಗೆ ಬೆರೆಸುವ ಎಥನಾಲ್ ವಿಷಯದಲ್ಲಿ ಕಾಕಂಬಿಯಿಂದ ಮಾಡುವುದಕ್ಕೆ ನನ್ನ ತಕರಾರಿಲ್ಲ. ಮೆಕ್ಕೆಜೋಳದಿಂದ, ಅಕ್ಕಿಯಿಂದ ಮಾಡುವುದಕ್ಕೆ ಇದೆ. ಕೋಳಿ ಮೇವಿನ ಬೆಲೆ ಏರಿ ಮೊಟ್ಟೆಯ ಬೆಲೆಯಲ್ಲಿ ಅದು ಕಾಣಿಸುತ್ತದೆ.

ಬಯೋಮಾಸ್ ಸುಟ್ಟರೆ ಹವಾಮಾನಕ್ಕೆ ತೊಂದರೆ ಇಲ್ಲ ಎನ್ನುತ್ತಾರೆ, ನಿಜವೇ?

ಏನು ಸುಡುತ್ತೀರಿ ಎನ್ನುವುದರ ಮೇಲಿದೆ. ಕಬ್ಬಿನ ಸಿಪ್ಪೆ ಹೇಗೂ ಕೊಳೆತು ಅಥವಾ ಉರಿದು ಅಷ್ಟೇ ಇಂಗಾಲ ಬಿಡುತ್ತಿತ್ತು, ಆದ್ದರಿಂದ ಸರಿ. ಐವತ್ತು ವರ್ಷದ ಮತ್ತಿ ಮರ ಕಡಿದು ಸುಟ್ಟರೆ ಆ ಇಂಗಾಲ ಇವತ್ತೇ ಗಾಳಿಗೆ ಹೋಯಿತು. ಮತ್ತೆ ಮರದೊಳಗೆ ಸೇರಲು ಇನ್ನೈವತ್ತು ವರ್ಷ ಬೇಕು, ಅದೂ ಯಾರಾದರೂ ನೆಟ್ಟು ಕಾಪಾಡಿದರೆ.

ಬಳ್ಳಾರಿ ಜಾಲಿ, ಲಂಟಾನ ಬೇಕಾದಷ್ಟು ಇದೆಯಲ್ಲ. ಅದನ್ನಾದರೂ?

ಬಳ್ಳಾರಿ ಜಾಲಿ ಕಡಿದಷ್ಟೂ ಒಳ್ಳೆಯದು. ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆ ಕೆರೆಯಂಗಳಗಳನ್ನೇ ಆವರಿಸಿಕೊಂಡಿದೆ. ಗಟ್ಟಿ ಸೌದೆ, ಒಳ್ಳೆಯ ಇದ್ದಿಲು. ಬುಡದಿಂದ ಮತ್ತೆ ಚಿಗುರುವುದರಿಂದ ಬೇರುಸಹಿತ ಕೀಳದಿದ್ದರೆ ಕೆರೆ ಸ್ವಚ್ಛವಾಗದು. ಲಂಟಾನ ಬಂಡೀಪುರದಂಥ ಕಾಡುಗಳಲ್ಲಿ ಹುಲ್ಲನ್ನೇ ಬೆಳೆಯಗೊಡುತ್ತಿಲ್ಲ, ತೆಗೆಯಲೇಬೇಕು. ಆದರೆ ಕಾಡೊಳಗಿಂದ ಮುಳ್ಳುಪೊದೆ ಹೊರತರುವ ಕೂಲಿ, ಅದರಿಂದ ಬರುವ ಬಿಸಿಯ ಬೆಲೆಗಿಂತ ಹೆಚ್ಚು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು, ಬುಟ್ಟಿ ಮಾಡಿ ಮಾರುತ್ತಾರೆ. ಸುಡುವುದಕ್ಕಿಂತ ಆ ದಾರಿಯಲ್ಲಿ ಕೂಲಿ ಹುಟ್ಟುತ್ತದೆ.

ನಮ್ಮ ಪಂಚಾಯಿತಿಗೆ ಬಯೋಮಾಸ್ ಸ್ಥಾವರದ ಪ್ರಸ್ತಾಪ ಬಂದಿದೆ. ಏನು ಕೇಳಬೇಕು?

ಯಾವ ಉಳಿಕೆ, ಯಾವ ತಿಂಗಳು, ಎಷ್ಟು ಟನ್, ಎಷ್ಟು ದೂರದಿಂದ ಎಂದು ಬರೆದುಕೊಡಲು ಹೇಳಿ. ಅದೇ ಉಳಿಕೆಯನ್ನು ಈಗ ಯಾರು ಬಳಸುತ್ತಿದ್ದಾರೆ ಎಂದು ಗ್ರಾಮಸಭೆಯಲ್ಲಿ ಕೇಳಿ. ಮುಖ್ಯವಾಗಿ ಹೆಂಗಸರನ್ನು ಮತ್ತು ಭೂಮಿಯಿಲ್ಲದವರನ್ನು ಕೇಳಿ. ನೀರು ಎಲ್ಲಿಂದ ಎಂದು ಕೇಳಿ, ಹಬೆ ತಣಿಸಲು ಬಹಳ ನೀರು ಬೇಕು, ಅದು ನಿಮ್ಮ ಕೊಳವೆಬಾವಿಯದೇ ಇರಬಹುದು. ಉಳಿಕೆ ಸಿಗದ ತಿಂಗಳಲ್ಲಿ ಏನು ಸುಡುತ್ತೀರಿ ಎಂಬ ಪ್ರಶ್ನೆಯನ್ನು ಮರೆಯಬೇಡಿ. ಕಲ್ಲಿದ್ದಲು ಎಂಬ ಉತ್ತರ ಬಂದರೆ ಅದು ಕಲ್ಲಿದ್ದಲ ಸ್ಥಾವರ, ಮರದ ತುಂಡು ಎಂದರೆ ನಿಮ್ಮ ತೋಪುಗಳ ಮೇಲೆ ಕಣ್ಣಿದೆ.

ಮನೆಯಲ್ಲಿ ಮೂರು ಹಸು ಇವೆ. ಗೋಬರ್ ಗ್ಯಾಸ್ ಹಾಕಿಸಲೇ?

ಹಾಕಿಸಿ. ಎರಡು ಘನ ಮೀಟರಿನ ಗುಮ್ಮಟದ ಮಾದರಿ ಸಾಕು. ದಿನಕ್ಕೆ 50 ಕೆ.ಜಿ. ಸಗಣಿ ಸಿಕ್ಕರೆ ಪೂರ್ತಿ ಗ್ಯಾಸ್, 30 ಸಿಕ್ಕರೂ ಅಡುಗೆಗೆ ತೊಂದರೆಯಿಲ್ಲ. ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರ, ಬಿಸಿಲು ಬೀಳುವ ಕಡೆ ಕಟ್ಟಿಸಿ, ದೊಡ್ಡ ಮರದ ಬೇರಿನಿಂದ ದೂರ. ಅನುಭವವಿರುವ ಗಾರೆ ಮೇಸ್ತ್ರಿಯೇ ಬೇಕು, ಗುಮ್ಮಟದಲ್ಲಿ ಕೂದಲೆಳೆಯ ಬಿರುಕಿದ್ದರೂ ಗ್ಯಾಸ್ ನಿಲ್ಲದು. ಸಗಣಿಗೆ ಸಮ ನೀರು ಕಲಸಿ, ಹುಲ್ಲು ಕಲ್ಲು ತೆಗೆದು ಬಿಡಿ. ಚಳಿಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಗ್ಯಾಸ್ ಕಡಿಮೆಯಾಗುತ್ತದೆ. ಉಗುರುಬೆಚ್ಚಗಿನ ನೀರು ಕಲಸಿದರೆ ಸ್ವಲ್ಪ ಸುಧಾರಿಸುತ್ತದೆ. ಕೊಳವೆಯಲ್ಲಿ ನೀರು ನಿಂತರೆ ಉರಿ ನಡುಗುತ್ತದೆ, ತಗ್ಗಿನಲ್ಲಿರುವ ನಲ್ಲಿ ತಿರುಗಿಸಿ ಆ ನೀರು ಬಿಡಿ. ಸಹಾಯಧನ ಈ ವರ್ಷ ಎಷ್ಟಿದೆ ಎಂದು ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ, ಕಟ್ಟುವ ಮೊದಲೇ ಅರ್ಜಿ ಹಾಕಿ.